ಕಲ್ಲಿನ ಹಳಿ ಉಳಿಯಿತು, ಸೇತುವೆ ಮಾರಿ ಹೋಯಿತು

ಲಂಡನ್ ಸೇತುವೆ ಬೀಳುವ ಆ ಆಟದ ಹಾಡು ಗೊತ್ತಿಲ್ಲದ ಮಗು ಇವತ್ತು ನಮ್ಮ ಮನೆಗಳಲ್ಲಿ ಸಿಗುವುದು ಕಷ್ಟ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾವ ಎಲ್‌ಕೆಜಿ ತರಗತಿಗೆ ಹೋದರೂ ಇಬ್ಬರು ಮಕ್ಕಳು ಕೈ ಕೈ ಹಿಡಿದು ಕಮಾನು ಮಾಡಿ ನಿಲ್ಲುತ್ತಾರೆ, ಉಳಿದವರು ಅದರಡಿಯಲ್ಲಿ ಓಡುತ್ತಾರೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡವೋ ಮಲಯಾಳವೋ ಇಂಗ್ಲಿಷೋ, ಏನೇ ಇರಲಿ, ಆ ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಕಳೆದ ರಜೆಯಲ್ಲಿ ನಮ್ಮ ಜಗಲಿಯಲ್ಲಿ ಇದೇ ಆಟ ನಡೆಯುತ್ತಿದ್ದಾಗ ತಂಗಿಯ ಮಗಳು ಬಂದು ಕೇಳಿದಳು: "ಮಾಮ, ಆ ಸಂಕ ನಿಜವಾಗಿಯೂ ಬಿತ್ತಾ?"

"ಬೀಳಲಿಲ್ಲ ಮಗಳೇ, ಮಾರಿದರು" ಎಂದೆ.

ಅವಳು ನಂಬಲಿಲ್ಲ. "ಸಂಕವನ್ನು ಯಾರಾದರೂ ಮಾರುತ್ತಾರಾ?" ಎಂದು ನಕ್ಕು ಓಡಿದಳು. ಹಾಡಿನಲ್ಲಿರುವುದು ಹಳೆಯ ಸೇತುವೆ, ಮಾರಿದ್ದು ಅದರ ಬದಲಿಗೆ ಕಟ್ಟಿದ ಸೇತುವೆ. ಅಷ್ಟನ್ನು ವಿವರಿಸುವಷ್ಟರಲ್ಲಿ ಆಟ ಮುಗಿದಿತ್ತು. ಆ ಮಾತು ಅಲ್ಲಿಗೇ ನಿಲ್ಲಬಾರದು ಅನ್ನಿಸಿ ಈ ಬರಹ. ಏಕೆಂದರೆ ಆ ಸೇತುವೆಯ ಹಿಂದೆ ಒಂದು ಕಲ್ಲಿನ ಕೋರೆ ಇದೆ, ಕೋರೆಯಿಂದ ಇಳಿದು ಬಂದ ಒಂದು ವಿಚಿತ್ರ ರೈಲು ದಾರಿ ಇದೆ, ಕಲ್ಲು ಕಡಿದ ಕೈಗಳಿವೆ. ಮುರಕಲ್ಲಿನ ಗೋಡೆಯ ನಡುವೆ ಹುಟ್ಟಿ ಬೆಳೆದ ನಮಗೆ ಇದು ಅಷ್ಟೇನೂ ದೂರದ ಕತೆಯಲ್ಲ.

ಪಾದೆಯ ಊರು

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಸೀಮೆ. ಅದರ ನಡುವೆ ಡಾರ್ಟ್‌ಮೂರ್ ಎಂಬ ಬೋಳು ಬಯಲು ಗುಡ್ಡಗಾಡು. ಮರಗಳು ಕಡಿಮೆ, ಹುಲ್ಲು, ಪೊದೆ, ಗಾಳಿ, ಮಳೆ, ಮಂಜು. ಗುಡ್ಡದ ತಲೆಯಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ಬಂಡೆಗಳು ಎದ್ದು ನಿಂತಿವೆ. ನಾವು ಪಾದೆ ಎನ್ನುವುದಕ್ಕೆ ಅಲ್ಲಿಯವರು ಟಾರ್ ಎನ್ನುತ್ತಾರೆ. ಅಂಥ ಒಂದು ಪಾದೆಯೇ ಹೇಟಾರ್. ಸಮುದ್ರಮಟ್ಟದಿಂದ ಸುಮಾರು 457 ಮೀಟರ್ ಎತ್ತರ. ಪೂರ್ತಿ ಗ್ರಾನೈಟ್, ಅಂದರೆ ನಮ್ಮ ಭಾಷೆಯಲ್ಲಿ ಶಿಲೆಕಲ್ಲು.

ಶಿಲೆಕಲ್ಲಿಗೂ ನಮ್ಮ ಮುರಕಲ್ಲಿಗೂ ಅಜಗಜಾಂತರ. ನಮ್ಮ ಕಲ್ಲು ನೆಲದೊಳಗೆ ಇರುವಾಗ ಮೆದು, ಪಿಕ್ಕಾಸು ಕೊಡಲಿಗಳಲ್ಲಿ ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದೇ ಗುಣವನ್ನು ಕಂಡು ಬೆರಗಾಗಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇವತ್ತು ಜಗತ್ತಿನ ಎಲ್ಲ ಭೂವಿಜ್ಞಾನದ ಪುಸ್ತಕಗಳಲ್ಲಿರುವ ಆ ಹೆಸರು ಹುಟ್ಟಿದ್ದು ನಮ್ಮ ಪಕ್ಕದ ಮಣ್ಣಿನಲ್ಲಿ. ಗ್ರಾನೈಟ್ ಹಾಗಲ್ಲ. ಅದು ಮೊದಲಿನಿಂದಲೂ ಗಟ್ಟಿ. ಅದನ್ನು ಸೀಳಲು ಉದ್ದದ ಕಬ್ಬಿಣದ ಉಳಿಯಿಂದ ಒಂದೇ ಸಾಲಿನಲ್ಲಿ ತೂತುಗಳನ್ನು ಕೊರೆಯಬೇಕು. ಪ್ರತಿ ತೂತಿಗೂ ಎರಡು ಕಬ್ಬಿಣದ ಪಟ್ಟಿ, ಅವುಗಳ ನಡುವೆ ಒಂದು ಬೆಣೆ. ಬಳಿಕ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಬೆಣೆಗೆ ಸುತ್ತಿಗೆಯ ಏಟು, ಮತ್ತೆ ಮೊದಲಿನಿಂದ. ಅವಸರ ಮಾಡಿದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ತಾಳ್ಮೆಯಿಂದ ಹೊಡೆದರೆ ರೇಖೆ ಎಳೆದ ಹಾಗೆ ಸೀಳುತ್ತದೆ. ಹೇಟಾರ್‌ನ ಸುತ್ತ ಅರ್ಧ ಸೀಳಿ ಬಿಟ್ಟ ಬಂಡೆಗಳ ಮೇಲೆ ಆ ತೂತಿನ ಸಾಲುಗಳು ಇನ್ನೂ ಇವೆ.

ಭಾರತದ ಹಣ, ಡೆವನ್‌ನ ಕಲ್ಲು

ಈ ಕೋರೆ ಟೆಂಪ್ಲರ್ ಎಂಬ ಮನೆತನದ ಕೈಯಲ್ಲಿತ್ತು. ಮನೆತನದ ಮೂಲಪುರುಷ ಜೇಮ್ಸ್ ಟೆಂಪ್ಲರ್ ಎಕ್ಸೆಟರ್ ನಗರದ ಒಬ್ಬ ತಬ್ಬಲಿ ಹುಡುಗ. ಎಳೆಯ ವಯಸ್ಸಿನಲ್ಲಿ ಭಾರತಕ್ಕೆ ಓಡಿ ಬಂದು, ಇಲ್ಲಿ ಹಣ ಮಾಡಿ, ಊರಿಗೆ ಮರಳಿ ಹಡಗುಕಟ್ಟೆಗಳನ್ನು ಕಟ್ಟುವ ಗುತ್ತಿಗೆದಾರನಾದ ಎಂದು ಅಲ್ಲಿಯವರು ಹೇಳುತ್ತಾರೆ. ಆ ಸಂಪತ್ತಿನಿಂದ ಸ್ಟೋವರ್ ಎಂಬ ಎಸ್ಟೇಟನ್ನು ಕೊಂಡ. ಕೊಲ್ಲಿಗೆ ಹೋಗಿ ಬಂದು ಮನೆ ಕಟ್ಟಿದವರ ಕತೆ ನಮಗೆ ಹೊಸತಲ್ಲ. ಅವರದ್ದು ಉಲ್ಟಾ ದಿಕ್ಕಿನ ಪ್ರಯಾಣ, ಅಷ್ಟೇ.

ಅವನ ಮಗ, ಅದೇ ಹೆಸರಿನ ಜೇಮ್ಸ್, 1792ರಲ್ಲಿ ತನ್ನ ಜಮೀನಿನ ಬಿಳಿ ಜೇಡಿಯನ್ನು ಸಾಗಿಸಲು ಒಂದು ಕಾಲುವೆ ತೋಡಿಸಿದ. ಅದು ಸ್ಟೋವರ್ ಕಾಲುವೆ. ದೋಣಿಗಳು ಜೇಡಿ ತುಂಬಿಕೊಂಡು ಕಾಲುವೆಯಿಂದ ಟೀನ್ ನದಿಗೆ, ಅಲ್ಲಿಂದ ಟಿನ್‌ಮತ್ ಎಂಬ ಅಳಿವೆ ಬಾಗಿಲಿನ ಬಂದರಿಗೆ ಹೋಗುತ್ತಿದ್ದವು. ಮಂಗಳೂರಿನ ಹೆಂಚು ಕಾರ್ಖಾನೆಗಳೆಲ್ಲ ನದಿಯ ದಡ ಹುಡುಕಿಕೊಂಡು ಹೋದದ್ದು ಯಾಕೆಂದು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಭಾರ ಹೆಚ್ಚು, ಬೆಲೆ ಕಡಿಮೆ ಇರುವ ಸರಕಿಗೆ ನೀರೇ ದಾರಿ. ಗಾಡಿಯಲ್ಲಿ ಹೇರಿದರೆ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ.

ಮೊಮ್ಮಗ ಜಾರ್ಜ್ ಟೆಂಪ್ಲರ್‌ಗೆ ಕಣ್ಣು ಬಿದ್ದದ್ದು ಗುಡ್ಡದ ಮೇಲಿನ ಗ್ರಾನೈಟಿನ ಮೇಲೆ. ಲಂಡನ್ ಆಗ ದಿನದಿನಕ್ಕೆ ಬೆಳೆಯುತ್ತಿತ್ತು. ಕಟ್ಟಡಗಳಿಗೆ, ಸೇತುವೆಗಳಿಗೆ ಗಟ್ಟಿ ಕಲ್ಲು ಬೇಕಿತ್ತು. ಕಲ್ಲು ಮೇಲೆ ಇದೆ, ಕಾಲುವೆ ಕೆಳಗೆ ಇದೆ. ನಡುವೆ ಸುಮಾರು 1,300 ಅಡಿಯ ಇಳಿಜಾರು.

ಕಲ್ಲು ಹೊರಲು ಕಲ್ಲಿನದೇ ಹಳಿ

1820ರ ಸೆಪ್ಟೆಂಬರ್ 16ರಂದು ಹೇಟಾರ್ ಬಂಡೆಯ ಬಳಿ ಜನ ಸೇರಿದರು. ಹೊಸ ದಾರಿಯ ಆರಂಭದ ಸಡಗರ. ಜಾರ್ಜ್ ಸ್ಟೀಫನ್ಸನ್‌ನ ಉಗಿಬಂಡಿ ಓಡಿದ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲಿಗಿಂತ ಇದು 5 ವರ್ಷ ಮೊದಲು. ಇಲ್ಲಿ ಎಂಜಿನ್ ಇರಲಿಲ್ಲ, ಕುದುರೆಗಳಿದ್ದವು. ಕಬ್ಬಿಣದ ಹಳಿಯೂ ಇರಲಿಲ್ಲ. ಕಬ್ಬಿಣ ದುಬಾರಿ, ಅದನ್ನು ಗುಡ್ಡ ಹತ್ತಿಸುವುದು ಇನ್ನೂ ದುಬಾರಿ. ಕಾಲ ಬುಡದಲ್ಲೇ ಬೇಕಾದಷ್ಟು ಕಲ್ಲು ಇರುವಾಗ ಕಬ್ಬಿಣ ಯಾಕೆ? ಗ್ರಾನೈಟ್ ತುಂಡುಗಳನ್ನೇ ಉದ್ದಕ್ಕೆ ಕಡಿದು, ಒಂದು ಅಂಚನ್ನು ಮೆಟ್ಟಿಲಿನಂತೆ ತಗ್ಗಿಸಿ, ಎರಡು ಸಾಲಾಗಿ ನೆಲದ ಮೇಲೆ ಹಾಸಿದರು. ಚಕ್ರ ಆ ತಗ್ಗಿನಲ್ಲಿ ಉರುಳುತ್ತದೆ, ಪಕ್ಕದ ಎತ್ತರದ ಅಂಚು ಅದು ದಾರಿ ತಪ್ಪದಂತೆ ತಡೆಯುತ್ತದೆ. ಎರಡು ಸಾಲುಗಳ ನಡುವಿನ ಅಂತರ 4 ಅಡಿ 3 ಇಂಚು. ಅಡ್ಡಪಟ್ಟಿಗಳು ಇಲ್ಲ, ಮೊಳೆ ಇಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿತು. ಕವಲುಗಳೆಲ್ಲ ಸೇರಿ ಸುಮಾರು 10 ಮೈಲಿ ಉದ್ದದ ದಾರಿ.

ಬಂಡಿಗಳು ಸುಮಾರು 13 ಅಡಿ ಉದ್ದದ ಮರದ ಹಲಗೆಗಳು, 2 ಅಡಿ ವ್ಯಾಸದ ಕಬ್ಬಿಣದ ಚಕ್ರಗಳು. ರಸ್ತೆಯ ಗಾಡಿಯನ್ನೇ ಸ್ವಲ್ಪ ಬದಲಾಯಿಸಿ ಮಾಡಿದಂಥವು. ಸಾಮಾನ್ಯವಾಗಿ 12 ಬಂಡಿಗಳ ಒಂದು ಸಾಲು, ಅದಕ್ಕೆ ಒಂದರ ಹಿಂದೆ ಒಂದರಂತೆ ಸುಮಾರು 18 ಕುದುರೆಗಳು. ಖಾಲಿ ಬಂಡಿಗಳನ್ನು ಗುಡ್ಡ ಹತ್ತಿಸುವಾಗ ಕುದುರೆಗಳು ಮುಂದೆ ನಿಂತು ಎಳೆಯುತ್ತಿದ್ದವು. ಕಲ್ಲು ತುಂಬಿ ಇಳಿಯುವಾಗ ಹಿಂದೆ ಇರುತ್ತಿದ್ದವು. ಭಾರಕ್ಕೆ ಬಂಡಿ ತಾನಾಗಿಯೇ ಇಳಿಯುತ್ತದೆ, ಅದು ಓಡಿ ಹೋಗದಂತೆ ತಡೆದು ಹಿಡಿಯುವುದೇ ಅಲ್ಲಿ ದೊಡ್ಡ ಕೆಲಸ.

ಗುಡ್ಡದ ಬುಡದಲ್ಲಿ ವೆಂಟಿಫೋರ್ಡ್ ಎಂಬಲ್ಲಿ ಕಾಲುವೆಯ ಕೊನೆ. ಅಲ್ಲಿ ಕಲ್ಲುಗಳನ್ನು ಬಂಡಿಯಿಂದ ದೋಣಿಗೆ ಏರಿಸಬೇಕು. ದೋಣಿ ನದಿಗೆ ಬಂದು ಟಿನ್‌ಮತ್ ಮುಟ್ಟಿದರೆ, ಅಲ್ಲಿ ಇದೇ ಕೆಲಸಕ್ಕೆಂದು ಜಾರ್ಜ್ ಕಟ್ಟಿಸಿದ ಹೊಸ ಧಕ್ಕೆ. ಧಕ್ಕೆಯಿಂದ ಕಡಲ ಹಡಗಿಗೆ, ಹಡಗಿನಿಂದ ಥೇಮ್ಸ್ ನದಿಗೆ. ಒಂದೊಂದು ಕಲ್ಲೂ ಎಷ್ಟು ಸಲ ಏರಿ ಇಳಿಯಿತು ನೋಡಿ. ಮುಂದೆ ಈ ಕೋರೆಗೆ ಏಟು ಬಿದ್ದದ್ದೂ ಇಲ್ಲಿಂದಲೇ.

ಅರಸ ಬಂದ, ಸೇತುವೆ ತೆರೆಯಿತು

ಲಂಡನ್ನಿನ ಹಳೆಯ ಕಲ್ಲಿನ ಸೇತುವೆ 1209ರಲ್ಲಿ ಮುಗಿದದ್ದು. ಮಕ್ಕಳ ಹಾಡಿನಲ್ಲಿರುವುದು ಆ ಹಳೆಯ ಸೇತುವೆಯೇ. 600 ವರ್ಷ ಬಾಳಿ ಅದು ಸೋತಾಗ ಪಕ್ಕದಲ್ಲೇ ಹೊಸದಕ್ಕೆ 1825ರ ಜೂನ್ 15ರಂದು ಬುನಾದಿ ಕಲ್ಲು ಹಾಕಿದರು. ನಕ್ಷೆ ಜಾನ್ ರೆನ್ನಿಯದು. ಕೆಲಸ ಶುರುವಾಗುವ ಮೊದಲೇ ಅವನು ತೀರಿಕೊಂಡಿದ್ದ, ಅದೇ ಹೆಸರಿನ ಮಗ ಮುಂದುವರಿಸಿದ. 5 ಕಮಾನು, 928 ಅಡಿ ಉದ್ದ. ಹೊರಮೈಗೆಲ್ಲ ಗ್ರಾನೈಟ್. ಸ್ಕಾಟ್ಲೆಂಡಿನ ಕಲ್ಲು, ಕಾರ್ನ್‌ವಾಲ್‌ನ ಕಲ್ಲು, ಅವುಗಳ ಜೊತೆ ಹೇಟಾರ್‌ನ ಕಲ್ಲು. 1831ರ ಆಗಸ್ಟ್ 1ರಂದು ಅರಸ ನಾಲ್ಕನೇ ವಿಲಿಯಂ ಬಂದು ಉದ್ಘಾಟಿಸಿದ.

ಆ ಹೊತ್ತಿಗೆ ಜಾರ್ಜ್ ಟೆಂಪ್ಲರ್‌ನ ಕೈಯಲ್ಲಿ ಏನೂ ಉಳಿದಿರಲಿಲ್ಲ. 1829ರಲ್ಲಿಯೇ ಎಸ್ಟೇಟು, ಕಾಲುವೆ, ಕಲ್ಲಿನ ದಾರಿ ಎಲ್ಲವನ್ನೂ ಸಾಮರ್‌ಸೆಟ್ ಡ್ಯೂಕನಿಗೆ ಮಾರಿದ್ದ. ಕೋರೆ ಮತ್ತಷ್ಟು ಕಾಲ ನಡೆಯಿತು. 1850ರಲ್ಲಿ ಸುಮಾರು 100 ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಿಗಾಗಿ ಟೆಂಪ್ಲರ್ ಕಟ್ಟಿಸಿದ ಸಾಲು ಮನೆಗಳು ಹೇಟಾರ್ ವೇಲ್ ಎಂಬ ಹಳ್ಳಿಯಲ್ಲಿವೆ. ಆದರೆ ಕಾರ್ನ್‌ವಾಲ್‌ನ ಕೋರೆಗಳು ಕಡಲಿಗೆ ಹತ್ತಿರ. ಅವರಿಗೆ ಗುಡ್ಡ ಇಳಿಸುವ, ಕಾಲುವೆಗೆ ಹೇರುವ ಖರ್ಚು ಇರಲಿಲ್ಲ. ಹೇಟಾರ್‌ನ ಕಲ್ಲು ಬೆಲೆಯಲ್ಲಿ ಸೋತಿತು. 1858ರ ಹೊತ್ತಿಗೆ ಕೋರೆ ಮುಚ್ಚಿತು, ಕುದುರೆಗಳು ನಿಂತವು. ಬಹಳ ವರ್ಷಗಳ ಮೇಲೆ, 1919ರಲ್ಲಿ, ಎಕ್ಸೆಟರ್‌ನ ಯುದ್ಧ ಸ್ಮಾರಕಕ್ಕೆಂದು ಕೊನೆಯ ಸಲ ಅಲ್ಲಿಂದ ಕಲ್ಲು ತೆಗೆದರು.

ಸೇತುವೆ ಮಾರಾಟಕ್ಕಿದೆ

ಅತ್ತ ಲಂಡನ್ನಿನಲ್ಲಿ ಸೇತುವೆಯ ಮೇಲೆ ಜನ, ಗಾಡಿ ತುಂಬಿ ತುಳುಕಿದರು. 1902ರಿಂದ 1904ರ ನಡುವೆ ಎರಡೂ ಬದಿಗೆ ಗ್ರಾನೈಟಿನ ಚಾಚುಕಲ್ಲುಗಳನ್ನು ಕೊಟ್ಟು ಸೇತುವೆಯನ್ನು 13 ಅಡಿ ಅಗಲ ಮಾಡಿದರು. ಆ ಚಾಚುಕಲ್ಲುಗಳೂ ಡಾರ್ಟ್‌ಮೂರ್‌ನವೇ. ಗುಡ್ಡಗಾಡಿನ ಇನ್ನೊಂದು ಬದಿಯಲ್ಲಿರುವ ಸ್ವೆಲ್‌ಟಾರ್ ಎಂಬ ಕೋರೆಯಲ್ಲಿ ಕಡಿದದ್ದು. ಬಳಕೆಯಾಗದೆ ಉಳಿದ ಒಂದು ಡಜನ್‌ನಷ್ಟು ಚಾಚುಕಲ್ಲುಗಳು ಅಲ್ಲಿನ ಕೋರೆಯ ರೈಲು ದಾರಿಯ ಪಕ್ಕದಲ್ಲಿ ಇಂದಿಗೂ ಸಾಲಾಗಿ ಬಿದ್ದಿವೆ. ಆ ರೈಲು 1956ರಲ್ಲಿ ನಿಂತಿತು, ಹಳಿ ಕಿತ್ತರು. ಲಂಡನ್ನಿಗೆ ಹೋಗಬೇಕಾಗಿದ್ದ ಕಲ್ಲುಗಳು ಮಾತ್ರ ಹುಲ್ಲಿನ ನಡುವೆ ಇನ್ನೂ ಬಂಡಿಗೆ ಕಾಯುತ್ತಿರುವ ಹಾಗೆ ಕೂತಿವೆ.

ಅಗಲ ಮಾಡಿದರೂ ಕಾಯಿಲೆ ಇದ್ದದ್ದು ಬುಡದಲ್ಲಿ. ಸೇತುವೆ 8 ವರ್ಷಕ್ಕೆ 1 ಇಂಚಿನಂತೆ ನದಿಯ ಮಣ್ಣಿಗೆ ಇಳಿಯುತ್ತಿತ್ತು. 1924ರ ಹೊತ್ತಿಗೆ ಪೂರ್ವದ ಬದಿ ಪಶ್ಚಿಮಕ್ಕಿಂತ 3–4 ಇಂಚು ತಗ್ಗಾಗಿತ್ತು. ಕೊನೆಗೆ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಹಳೆಯದನ್ನು ಒಡೆದು ಎಸೆಯುವ ಬದಲು ಮಾರೋಣ ಎಂಬ ಸಲಹೆ ಕೊಟ್ಟವರು ನಗರಸಭೆಯ ಸದಸ್ಯ ಐವನ್ ಲಕಿನ್. 1968ರ ಏಪ್ರಿಲ್‌ನಲ್ಲಿ ಅಮೆರಿಕದ ಉದ್ಯಮಿ ರಾಬರ್ಟ್ ಮೆಕಲಕ್ ಅದನ್ನು 24,60,000 ಡಾಲರಿಗೆ ಕೊಂಡರು. ಅರಿಝೋನಾದ ಮರುಭೂಮಿಯಲ್ಲಿ ಲೇಕ್ ಹವಾಸು ಎಂಬ ಹೊಸ ಊರನ್ನು ಅವರು ಕಟ್ಟಿಸುತ್ತಿದ್ದರು. ಅಲ್ಲಿಗೆ ಜನ ಬರಬೇಕಿತ್ತು. ಎರಡು ಗೋಪುರಗಳ ಟವರ್ ಬ್ರಿಡ್ಜ್ ಎಂದು ತಪ್ಪು ತಿಳಿದು ಇದನ್ನು ಕೊಂಡರು ಎಂಬ ಗಾಳಿಮಾತು ಇಂದಿಗೂ ಓಡಾಡುತ್ತದೆ. ಕೊಂಡವರೂ ಮಾರಿದವರೂ ಅದನ್ನು ಅಲ್ಲಗಳೆದರು.

ಒಂದೊಂದು ಕಲ್ಲಿಗೂ ನಂಬರ್ ಬರೆದರು. ಇಲ್ಲಿಯೇ ಕತೆ ಒಂದು ಸುತ್ತು ಹಾಕುತ್ತದೆ. ಅಮೆರಿಕಕ್ಕೆ ಹೋಗುವ ಮೊದಲು ಎಷ್ಟೋ ಕಲ್ಲುಗಳನ್ನು ಡಾರ್ಟ್‌ಮೂರ್‌ನ ಮೆರಿವೇಲ್ ಕೋರೆಗೆ ತಂದು, ಒಳಮೈಯಿಂದ 15–20 ಸೆಂಟಿಮೀಟರ್ ಕೊಯ್ದು ತೆಳುಮಾಡಿದರು. ಮರುಭೂಮಿಯಲ್ಲಿ ಕಾಂಕ್ರೀಟಿನ ಅಸ್ಥಿಪಂಜರ ಕಟ್ಟಿ ಈ ಕಲ್ಲುಗಳನ್ನು ಅದಕ್ಕೆ ಹೊರಚರ್ಮದಂತೆ ಹೊದಿಸುವ ಯೋಜನೆ. ಡಾರ್ಟ್‌ಮೂರ್ ಬಿಟ್ಟು ಹೋದ ಕಲ್ಲು ಸುಮಾರು 140 ವರ್ಷಗಳ ಮೇಲೆ ತವರಿಗೆ ಬಂದು, ಮೈ ಕೊಯ್ಸಿಕೊಂಡು, ಮತ್ತೆ ಹಡಗು ಹತ್ತಿತು. ಪನಾಮಾ ಕಾಲುವೆಯ ಮೂಲಕ ಕ್ಯಾಲಿಫೋರ್ನಿಯಾ, ಅಲ್ಲಿಂದ ಲಾರಿಯಲ್ಲಿ ಅರಿಝೋನಾ. ಒಣ ನೆಲದ ಮೇಲೆ ಸೇತುವೆ ನಿಲ್ಲಿಸಿ, ಆಮೇಲೆ ಅಡಿಯಲ್ಲಿ ಕಾಲುವೆ ಅಗೆದು ನೀರು ಬಿಟ್ಟರು. 1971ರ ಅಕ್ಟೋಬರ್ 10ರಂದು ಅದು ಮತ್ತೆ ತೆರೆಯಿತು. ಮೆರಿವೇಲ್‌ನಲ್ಲಿ ಉಳಿದುಹೋದ ತುಂಡುಗಳನ್ನು ಕಡೆಗೆ ಹರಾಜು ಹಾಕಿದರು. ಲಂಡನ್ನಿನಲ್ಲಿ 1973ರಿಂದ ಇರುವುದು ಕಾಂಕ್ರೀಟಿನ ಬೇರೆ ಸೇತುವೆ.

ತಂಗಿಯ ಮಗಳ ಪ್ರಶ್ನೆಗೆ ಉತ್ತರ ಇಷ್ಟು. ಸಂಕವನ್ನೂ ಮಾರುತ್ತಾರೆ.

ಮಾರಲಾಗದ್ದು

ಯಾರೂ ಕೊಳ್ಳದೆ ಉಳಿದದ್ದು ಗುಡ್ಡದ ಮೇಲಿನ ಕಲ್ಲಿನ ಹಳಿ. ಕೋರೆಯ ಹೊಂಡದಲ್ಲಿ ನೀರು ತುಂಬಿ ಕೆರೆಯಾಗಿದೆ, ಹಳೆಯ ಕ್ರೇನಿನ ತುಕ್ಕು ಹಿಡಿದ ಭಾಗ ಅಲ್ಲಿದೆ. ಹುಲ್ಲಿನ ನಡುವೆ ಎರಡು ಕಲ್ಲಿನ ಸಾಲುಗಳು ತಿರುಗುತ್ತಾ ಇಳಿಯುತ್ತಾ ಹೋಗುತ್ತವೆ. ದಾರಿ ಕವಲೊಡೆಯುವಲ್ಲಿ ಚಕ್ರವನ್ನು ತಿರುಗಿಸಲು ಕೊರೆದ ಗುರುತುಗಳು ಕೂಡ ಕಾಣುತ್ತವೆ. ಗುಡ್ಡದ ಬುಡದಲ್ಲಿ ಸ್ವಲ್ಪ ದೂರವನ್ನು 1866ರ ರೈಲು ಮಾರ್ಗ ನುಂಗಿತು. ಮೇಲಿನದು ಹಾಗೆಯೇ ಇದೆ. ಹೇಟಾರ್‌ನಿಂದ ಟಿನ್‌ಮತ್‌ವರೆಗೆ ಕಲ್ಲು ಹೋದ ದಾರಿಯಲ್ಲೇ 18 ಮೈಲಿ ನಡೆಯಲು ಈಗ ಟೆಂಪ್ಲರ್ ವೇ ಎಂಬ ಕಾಲುದಾರಿಯನ್ನೂ ಗುರುತಿಸಿದ್ದಾರೆ.

ಕಬ್ಬಿಣದ್ದಾಗಿದ್ದರೆ ಗುಜರಿಗೆ ಹೋಗುತ್ತಿತ್ತು. ಕಲ್ಲಾದ ಕಾರಣ ಕಿತ್ತು ಹೊತ್ತೊಯ್ಯುವ ಕೂಲಿ ಅದರ ಬೆಲೆಗಿಂತ ಹೆಚ್ಚು. ಹಾಗಾಗಿ ಉಳಿಯಿತು. ಅದನ್ನು ಕಡಿದವರ ಹೆಸರುಗಳಿಗೆ ಆ ಭಾಗ್ಯ ಇರಲಿಲ್ಲ. ಸೇತುವೆಗೆ ಸಲ್ಲುವ ಹೆಸರು ರೆನ್ನಿಯದು, ದಾರಿಗೆ ಸಲ್ಲುವ ಹೆಸರು ಟೆಂಪ್ಲರ್‌ನದು. ಬೆಣೆಗೆ ಏಟು ಹಾಕಿದವರ ಗುರುತು ಬಂಡೆಯ ಮೇಲಿನ ತೂತುಗಳ ಸಾಲು ಮಾತ್ರ.

ಇದನ್ನು ಓದುವಾಗ ನನ್ನ ಮನಸ್ಸು ಹೋದದ್ದು ನಮ್ಮದೇ ಹಳೆಯ ಪ್ರಾಂತ್ಯದ ಕಡೆಗೆ. 1956ರವರೆಗೆ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದ ಜೊತೆ ಮದ್ರಾಸಿಗೆ ಸೇರಿತ್ತು. ಆ ಮದ್ರಾಸಿನ ಬಳಿ ರೆಡ್ ಹಿಲ್ಸ್ ಎಂಬ ಊರಿದೆ, ಅಂದರೆ ಕೆಂಪು ಗುಡ್ಡ. ಅಲ್ಲಿನ ಕಲ್ಲನ್ನು ಪಟ್ಟಣದ ರಸ್ತೆಗಳಿಗೆ ಸಾಗಿಸಲು 1837ರಲ್ಲಿಯೇ ರೈಲು ಹಳಿ ಹಾಕಿದ್ದರು. ಅದರ ಹಿಂದಿದ್ದವರು ಮುಂದೆ ಗೋದಾವರಿ ಅಣೆಕಟ್ಟಿನಿಂದ ಹೆಸರಾದ ಆರ್ಥರ್ ಕಾಟನ್. ಭಾರತದ ಮೊದಲ ರೈಲು 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೋಯಿತು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಅದು ಜನರನ್ನು ಹೊತ್ತ ಮೊದಲ ರೈಲು. ಅದಕ್ಕೂ 16 ವರ್ಷ ಮೊದಲು ಈ ದೇಶದ ಹಳಿಯ ಮೇಲೆ ಉರುಳಿದ್ದು ಕಲ್ಲು. ಮಂಗಳೂರಿಗೆ ರೈಲು ಬಂದದ್ದು ಆಮೇಲೆ 70 ವರ್ಷ ಕಳೆದು, 1907ರಲ್ಲಿ. ರೆಡ್ ಹಿಲ್ಸ್‌ನ ರೈಲು ಹೆಚ್ಚು ವರ್ಷ ಬಾಳಲಿಲ್ಲ. ಹೇಟಾರ್‌ನಂತೆ ನಡೆದು ನೋಡಬಹುದಾದ ಹಳಿ ಅಲ್ಲಿ ಇಲ್ಲ.

ನಮ್ಮ ಸುತ್ತ ನೋಡಿದರೆ ಬೇಕಲದ ಕೋಟೆ ಮುರಕಲ್ಲಿನದು, ಚಂದ್ರಗಿರಿಯ ಕೋಟೆ ಮುರಕಲ್ಲಿನದು. ನಮ್ಮ ಮಸೀದಿಗಳ ಹಳೆಯ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ ಎಲ್ಲವೂ ಅದೇ. ಕೋಟೆ ಕಟ್ಟಿಸಿದ ಅರಸರ ಹೆಸರು ಫಲಕದಲ್ಲಿದೆ. ಕಲ್ಲು ಕಡಿದವರ, ತಲೆಯಲ್ಲಿ ಹೊತ್ತವರ, ಎತ್ತಿನ ಗಾಡಿಯಲ್ಲೂ ದೋಣಿಯಲ್ಲೂ ಸಾಗಿಸಿದವರ ಹೆಸರು ಎಲ್ಲಿದೆ? ಅವರಲ್ಲಿ ನಮ್ಮವರೂ ಇದ್ದರು. ನಾನು ಬೆಳೆದ ಮನೆಯ ಕಲ್ಲು ಯಾವ ಕೋರೆಯದ್ದೆಂದು ಉಮ್ಮನಿಗೆ ಗೊತ್ತಿತ್ತು, ಹೊತ್ತು ತಂದವರ ಹೆಸರೂ ಗೊತ್ತಿತ್ತು. ಉಮ್ಮ ಇದ್ದಾಗ ನಾನು ಬರೆದಿಟ್ಟುಕೊಳ್ಳಲಿಲ್ಲ. ಆ ಕೋರೆಯ ಹೊಂಡವನ್ನು ಈಗ ಮಣ್ಣು ತುಂಬಿ ಸಮ ಮಾಡಿದ್ದಾರೆ, ಅದರ ಮೇಲೆ ಮನೆಗಳು ಬಂದಿವೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಈ ಗೋಡೆಯ ಕಲ್ಲು ಎಲ್ಲಿಯದು, ಯಾರು ಕಡಿದರು, ಹೇಗೆ ಬಂತು, ಊರಿನ ಹಳೆಯ ಸಂಕ ಎಲ್ಲಿತ್ತು, ಯಾವ ಮಳೆಗೆ ಹೋಯಿತು. ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲಿಯೇ, ಅವರ ಮಾತಿನಲ್ಲೇ ಬರೆದಿಡಿ. ನಮ್ಮ ಮುರಕಲ್ಲು ಗ್ರಾನೈಟಿನಷ್ಟು ಗಟ್ಟಿ ಅಲ್ಲ. ಬರೆಯದಿದ್ದರೆ ಗುರುತು ಉಳಿಯುವುದಿಲ್ಲ.